ತಿನ್ನುವ ಚಟದ ಜೊತೆ: ಬೈಪಾಸ್‌ಗೆ ಮೊದಲು ಮತ್ತು ನಂತರ

ನಾಲ್ಕು ಜನರ ಎದುರಿಗೆ ನಾನು ಯಾವತ್ತೂ ಹೆಚ್ಚು ತಿಂದವಳಲ್ಲ. ಊಟಕ್ಕೆ ಕುಳಿತರೆ ಎರಡನೆಯ ಸಲ ಬಡಿಸಿಕೊಳ್ಳುತ್ತಲೇ ಇರಲಿಲ್ಲ. ‘ಇಷ್ಟು ಕಡಿಮೆ ತಿಂದರೂ ಮೈ ಹೇಗೆ ಬರುತ್ತದೆಯೋ’ ಎಂದು ನಿಜವಾಗಿಯೂ ಮರುಗಿದವರಿದ್ದಾರೆ. ನಾನು ತಿನ್ನುತ್ತಿದ್ದುದು ಆಮೇಲೆ, ಒಬ್ಬಳೇ ಇರುವಾಗ. ಕಾರಿನಲ್ಲಿ ತಿಂದು, ಖಾಲಿ ಪೊಟ್ಟಣಗಳನ್ನು ಮನೆ ತಲುಪುವ ಮೊದಲೇ ಎಲ್ಲಾದರೂ ಎಸೆಯುತ್ತಿದ್ದೆ. ಮನೆಯ ಡಬ್ಬಿಯಲ್ಲಿದ್ದ ಬಿಸ್ಕತ್ತು ಮುಗಿಸಿದರೆ ಅದೇ ಬಿಸ್ಕತ್ತು ತಂದು, ಮೊದಲು ಯಾವ ಮಟ್ಟಕ್ಕೆ ಇತ್ತೋ ಅದೇ ಮಟ್ಟಕ್ಕೆ ತುಂಬಿಸಿಡುತ್ತಿದ್ದೆ. ಪೊಟ್ಟಣದಲ್ಲಿ ಉಳಿದದ್ದನ್ನು ಸಾಕ್ಷಿ ಉಳಿಯಬಾರದೆಂದು ತಿಂದು ಮುಗಿಸಲೇಬೇಕಾಗುತ್ತಿತ್ತು. ಅದೂ ಲೆಕ್ಕದಲ್ಲಿ ಸೇರಿಯೇ ಇರುತ್ತಿತ್ತು.

ಇದಕ್ಕೂ ಹಸಿವಿಗೂ ಸಂಬಂಧವಿರಲಿಲ್ಲ. ಹಸಿವಾದಾಗ ಮನುಷ್ಯ ಏನು ಕೊಟ್ಟರೂ ತಿನ್ನುತ್ತಾನೆ. ನನಗೆ ಬೇಕಾಗುತ್ತಿದ್ದುದು ನಿರ್ದಿಷ್ಟ ವಸ್ತು, ಅದೂ ಈಗಲೇ. ಎರಡನೆಯ ತುತ್ತಿನಿಂದಾಚೆಗೆ ರುಚಿ ತಿಳಿಯುತ್ತಲೂ ಇರಲಿಲ್ಲ. ಹೊಟ್ಟೆ ನೋಯುವವರೆಗೆ ತಿಂದು, ನಾಳೆಯಿಂದ ಇಲ್ಲ ಎಂದುಕೊಂಡು ಮಲಗುವುದು. ಆ ‘ನಾಳೆ’ಯ ಸಲುವಾಗಿಯೇ ಇವತ್ತು ಇನ್ನಷ್ಟು ತಿನ್ನುವುದು.

ನಾನು ಇದನ್ನು ಚಟ ಎನ್ನುತ್ತೇನೆ. ವೈದ್ಯರಲ್ಲಿ ಎಲ್ಲರೂ ಹಾಗೆನ್ನುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಅತಿತಿನ್ನುವಿಕೆಯ ಕಾಯಿಲೆಗೆ ಪ್ರತ್ಯೇಕ ಸ್ಥಾನ ಸಿಕ್ಕಿತು: ಸರಾಸರಿ ವಾರಕ್ಕೆ ಒಮ್ಮೆಯಂತೆ ಮೂರು ತಿಂಗಳು, ಹಿಡಿತ ತಪ್ಪಿ, ಬಳಿಕ ನಾಚಿಕೆಪಡುವಂತೆ ತಿನ್ನುವುದು. ಆಹಾರದ ಚಟಕ್ಕೆ ಅಲ್ಲಿ ಜಾಗವಿಲ್ಲ. ಆದರೆ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಅದನ್ನು ಅಳೆಯಲು 25 ಪ್ರಶ್ನೆಗಳ ಪಟ್ಟಿಯೊಂದನ್ನು ತಯಾರಿಸಿದರು. 2016ರಲ್ಲಿ ಅದು 35 ಪ್ರಶ್ನೆಗಳಿಗೆ ಬೆಳೆಯಿತು. ಮದ್ಯ, ತಂಬಾಕಿನ ಚಟಕ್ಕೆ ಬಳಸುವ ಲಕ್ಷಣಗಳನ್ನೇ ಅದು ಆಹಾರಕ್ಕೆ ಅನ್ವಯಿಸುತ್ತದೆ. ತೂಕ ಇಳಿಸಲು ಹೊಟ್ಟೆಗೆ ಮಾಡುವ ಬೈಪಾಸ್ ಶಸ್ತ್ರಚಿಕಿತ್ಸೆಗೆ ಮೊದಲು ಆ ಪಟ್ಟಿಯನ್ನು ತುಂಬಿದಾಗ, ನನ್ನ ಕಾರಿನೊಳಗೆ ಯಾರೋ ಕುಳಿತು ನೋಡಿ ಬರೆದಿದ್ದಾರೆ ಅನ್ನಿಸಿತು. ತಜ್ಞರ ವಾದ ಏನೇ ಇರಲಿ, ಚಟ ಎಂದುಕೊಂಡದ್ದರಿಂದ ನನಗೊಂದು ಉಪಕಾರವಾಯಿತು: ‘ನನಗೆ ಮನೋಬಲ ಸಾಲದು’ ಎಂಬ ಹಳೆಯ ಗೋಳಿನಿಂದ ಹೊರಬಂದೆ. ತೊಡಕು ಏನೆಂದರೆ, ಕುಡಿಯುವವನಿಗೆ ಬಾಟಲಿಯನ್ನು ಪೂರ್ತಿ ಬಿಡುವ ದಾರಿಯಾದರೂ ಇದೆ. ನಾನು ದಿನಕ್ಕೆ ಹಲವು ಬಾರಿ ಅದೇ ವಸ್ತುವನ್ನು ಎದುರಿಗಿಟ್ಟುಕೊಂಡು, ಅಳತೆಯಲ್ಲಿ ತೆಗೆದುಕೊಂಡು, ಎದ್ದುಬರಬೇಕು.

ಶಸ್ತ್ರಚಿಕಿತ್ಸೆಗೆ ಮುನ್ನ ಮನಶ್ಶಾಸ್ತ್ರಜ್ಞರನ್ನು ಕಾಣಬೇಕಿತ್ತು. ಇದೊಂದು ಪರೀಕ್ಷೆ, ಇಲ್ಲಿ ನಪಾಸಾದರೆ ಶಸ್ತ್ರಚಿಕಿತ್ಸೆಯೇ ಇಲ್ಲ ಎಂದು ಹೆದರಿ ಸುಳ್ಳು ಹೇಳುವವರು ಬಹಳ. ಕಾಯುವ ಕೊಠಡಿಯಲ್ಲಿ ಪಕ್ಕದಲ್ಲಿದ್ದವರೊಬ್ಬರು ಏನೇನು ಹೇಳಬಾರದು ಎಂದು ನನಗೆ ಪಾಠವನ್ನೇ ಮಾಡಿದ್ದರು. ನಾನು ಬಿಸ್ಕತ್ತಿನ ಡಬ್ಬಿಯ ವಿಷಯವನ್ನೂ ಹೇಳಿಬಿಟ್ಟೆ. ಮನಶ್ಶಾಸ್ತ್ರಜ್ಞರು ಶಸ್ತ್ರಚಿಕಿತ್ಸೆ ಬೇಡವೆನ್ನಲಿಲ್ಲ, ದಿನಾಂಕವನ್ನು ಮುಂದಕ್ಕೆ ಹಾಕಿ, ಅಲ್ಲಿಯವರೆಗೆ ನಿಯಮಿತವಾಗಿ ಬರಲು ಹೇಳಿದರು. ಆಗ ಬಂದ ಸಿಟ್ಟು ನೆನಪಿದೆ. ಈಗ ನೋಡಿದರೆ, ಇಡೀ ವ್ಯವಹಾರದಲ್ಲಿ ನನಗೆ ಅತ್ಯಂತ ಲಾಭವಾದದ್ದು ಆ ತಿಂಗಳುಗಳಿಂದಲೇ.

ಅವರು ಬರೆಯಲು ಹೇಳಿದ್ದು ಏನು ತಿಂದೆ ಎಂಬುದನ್ನಲ್ಲ. ಅಂಥ ಡೈರಿಗಳನ್ನು ನಾನು ಬೇಕಾದಷ್ಟು ಬರೆದು ಹರಿದಿದ್ದೆ. ತಿನ್ನುವುದಕ್ಕೆ ಹತ್ತು ನಿಮಿಷ ಮೊದಲು ಏನು ನಡೆಯುತ್ತಿತ್ತು, ಅಷ್ಟನ್ನೇ ಬರೆಯಬೇಕು. ದುಃಖ, ಜಗಳ, ಅವಮಾನ ಇಂಥವು ಪುಟ ತುಂಬುತ್ತವೆ ಎಂದು ನಾನು ನಿರೀಕ್ಷಿಸಿದ್ದೆ. ತುಂಬಿದ್ದು ಬೇರೆ. ಕಚೇರಿಯಿಂದ ಬಂದು ಚೀಲ ಕೆಳಗಿಟ್ಟ ಕ್ಷಣ. ಒಂದು ಕೆಲಸ ಮುಗಿದು ಇನ್ನೊಂದನ್ನು ಶುರುಮಾಡುವ ನಡುವಿನ ಹೊತ್ತು. ಎಲ್ಲರೂ ಮಲಗಿದ ಮೇಲೆ ಮನೆ ನನ್ನೊಬ್ಬಳದಾಗುವ ಗಳಿಗೆ. ನಾನು ನೋವಿಗಾಗಿ ತಿನ್ನುತ್ತಿದ್ದುದಕ್ಕಿಂತ ಹೆಚ್ಚಾಗಿ ಬಿಡುವಿಗಾಗಿ ತಿನ್ನುತ್ತಿದ್ದೆ. ಸುಮ್ಮನೆ ಕುಳಿತುಕೊಳ್ಳುವ ಹಕ್ಕು ನನಗೆ ನಾನೇ ಕೊಟ್ಟುಕೊಳ್ಳುತ್ತಿದ್ದುದು ಕೈಯಲ್ಲಿ ಏನಾದರೂ ತಿನಿಸು ಇದ್ದಾಗ ಮಾತ್ರ. ಇದು ತಿಳಿದ ಕೂಡಲೇ ತಿನ್ನುವುದು ನಿಂತಿತು ಎಂದೇನಲ್ಲ. ಶಸ್ತ್ರಚಿಕಿತ್ಸೆಯ ದಿನಾಂಕ ಹತ್ತಿರವಾದಂತೆ ‘ಇನ್ನು ಜೀವನದಲ್ಲಿ ಇದು ಸಿಗುವುದಿಲ್ಲ’ ಎಂಬ ನೆಪದಲ್ಲಿ ಒಂದೊಂದು ತಿನಿಸಿಗೂ ವಿದಾಯ ಹೇಳುತ್ತಾ ತಿಂದದ್ದೂ ಉಂಟು. ಬಹುತೇಕ ಎಲ್ಲರೂ ಹೀಗೆ ಮಾಡುತ್ತಾರಂತೆ. ಕೊನೆಯ ಎರಡು ವಾರ ಕಡಿಮೆ ಕ್ಯಾಲರಿಯ ಪಥ್ಯ. ಹೊಟ್ಟೆಯ ಮೇಲೆ ಚಾಚಿಕೊಂಡಿರುವ ಯಕೃತ್ತಿನ ಕೊಬ್ಬು ಕರಗಿ ಅದು ಕುಗ್ಗಿದರೆ ಶಸ್ತ್ರವೈದ್ಯರಿಗೆ ಕೈ ಆಡಿಸಲು ಜಾಗ ಸಿಗುತ್ತದೆ.

ನನಗೆ ಮಾಡಿದ್ದು ಗ್ಯಾಸ್ಟ್ರಿಕ್ ಬೈಪಾಸ್. ಸ್ಲೀವ್ ಎಂಬ ಇನ್ನೊಂದು ವಿಧಾನದಲ್ಲಿ ಹೊಟ್ಟೆಯ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದುಬಿಡುತ್ತಾರೆ. ನನಗೆ ಎದೆಯುರಿಯ ತೊಂದರೆ ಇದ್ದುದರಿಂದ ಅದು ಬೇಡವೆಂದರು. ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣಕರುಳನ್ನು ನೇರವಾಗಿ ಜೋಡಿಸುತ್ತಾರೆ. ಉಳಿದ ಹೊಟ್ಟೆ ಒಳಗೇ ಇರುತ್ತದೆ, ಆದರೆ ಆಹಾರ ಆ ಕಡೆಗೆ ಹೋಗುವುದಿಲ್ಲ. ಜಾಗ ಕಿರಿದಾದ್ದರಿಂದಷ್ಟೇ ತೂಕ ಇಳಿಯುತ್ತದೆ ಎಂದು ನಾನು ತಿಳಿದಿದ್ದೆ. ಆಹಾರ ಬೇಗನೆ ಕರುಳಿನ ಕೆಳಭಾಗ ತಲುಪುವುದರಿಂದ ಜಿಎಲ್‌ಪಿ–1, ಪಿವೈವೈ ಎಂಬ ಹಾರ್ಮೋನುಗಳು ಹೆಚ್ಚು ಸ್ರವಿಸಿ, ‘ಸಾಕು’ ಎಂಬ ಸಂದೇಶ ಮಿದುಳಿಗೆ ಮೊದಲಿಗಿಂತ ಜೋರಾಗಿ ಹೋಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಆ ಸಂದೇಶ ನನಗೆ ಮೌನದಂತೆ ಕೇಳಿಸಿತು. ಮೊದಲ ವಾರಗಳ ತಿಳಿ ದ್ರವ, ಗುಟುಕು ಗುಟುಕಾಗಿ ಕುಡಿಯುವ ಪ್ರೋಟೀನ್, ಬಳಿಕ ಅರೆದದ್ದು, ಆಮೇಲೆ ಮೆತ್ತಗಿನದು, ಇವೆಲ್ಲ ಬೇಸರದ ಸಂಗತಿಗಳೇ. ಆದರೆ ತಲೆಯೊಳಗೆ ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತಿದ್ದ ತಿಂಡಿಯ ಚರ್ಚೆ ನಿಂತುಹೋಗಿತ್ತು. ಉಳಿದವರ ತಲೆ ಸದಾ ಹೀಗೇ ಇರುತ್ತದೆಯೇ ಎಂದು ಗಂಡನನ್ನು ಕೇಳಿದೆ. ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ. ಅದೇ ನನಗೆ ಉತ್ತರವಾಯಿತು.

ಈ ಮೌನದ ಜೊತೆಗೇ ಬರುವ ಇನ್ನೊಂದರ ಬಗ್ಗೆ ಯಾರೂ ಹೇಳುವುದಿಲ್ಲ. ಸಂಜೆಗಳು ಉದ್ದವಾಗುತ್ತವೆ. ಚೀಲ ಕೆಳಗಿಟ್ಟ ಮೇಲೆ ಮುಂದೇನು? ಹಸಿವಿಲ್ಲ, ತಿನ್ನಲಾಗುವುದಿಲ್ಲ, ಆದರೆ ಕೈ ಮಾತ್ರ ಕಪಾಟಿನ ಬಾಗಿಲಿಗೆ ಹೋಗುತ್ತದೆ. ವರ್ಷಗಟ್ಟಲೆ ಜೊತೆಗಿದ್ದ ಒಬ್ಬರು ಹೇಳದೆ ಮನೆ ಬಿಟ್ಟು ಹೋದರೆ ಆಗುವಂಥ ದುಃಖ ನನಗಾಯಿತು. ತೂಕ ಸರಸರನೆ ಇಳಿಯುತ್ತಿದೆ, ಎಲ್ಲರೂ ಅಭಿನಂದಿಸುತ್ತಿದ್ದಾರೆ, ನಾನು ಸ್ನಾನದ ಕೋಣೆಯಲ್ಲಿ ಅಳುತ್ತಿದ್ದೇನೆ. ಆ ಹೊತ್ತಿನಲ್ಲಿ ಕೂದಲೂ ಉದುರುತ್ತದೆ. ಶಸ್ತ್ರಚಿಕಿತ್ಸೆಯ ಮೂರರಿಂದ ಆರು ತಿಂಗಳೊಳಗೆ ಅದು ಸಾಮಾನ್ಯ, ಮತ್ತೆ ಬೆಳೆಯುತ್ತದೆ. ‘ಸುಲಭದ ದಾರಿ ಹಿಡಿದೆಯಲ್ಲ’ ಎಂದ ಸಂಬಂಧಿಕರೊಬ್ಬರಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಡಂಪಿಂಗ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾನು ಅದನ್ನೇ ಕಾವಲುಗಾರನೆಂದು ನಂಬಿದ್ದೆ. ಬೈಪಾಸ್ ಆದವರು ಸಕ್ಕರೆ ಹೆಚ್ಚಿರುವುದನ್ನು ತಿಂದರೆ ಅದು ಹೊಟ್ಟೆಯಲ್ಲಿ ತಂಗದೆ ನೇರ ಕರುಳಿಗೆ ಇಳಿಯುತ್ತದೆ, ಕರುಳು ದೇಹದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಎದೆ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆಯ ಹಿಂಡುವಿಕೆ, ಭೇದಿ. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ: ಇನ್ಸುಲಿನ್ ಅತಿಯಾಗಿ ಸ್ರವಿಸಿ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುತ್ತವೆ. ಮೊದಲ ಸಲ ಐಸ್‌ಕ್ರೀಮ್ ತಿಂದು ನೆಲದ ಮೇಲೆ ಮಲಗಿದಾಗ, ಇನ್ನು ನನಗೆ ಸಿಹಿಯ ಭಯವಿಲ್ಲ, ದೇಹವೇ ನೋಡಿಕೊಳ್ಳುತ್ತದೆ ಎಂದು ಸಮಾಧಾನವಾಗಿತ್ತು. ಆದರೆ ಇದು ಎಲ್ಲರಿಗೂ ಆಗುವುದಿಲ್ಲ, ಆದವರಲ್ಲೂ ಅನೇಕರಿಗೆ ಕಾಲ ಕಳೆದಂತೆ ಕಡಿಮೆಯಾಗುತ್ತದೆ. ಚಟವಂತೂ ಅದನ್ನು ದಾಟುವ ದಾರಿಯನ್ನು ಬೇಗ ಕಲಿಯಿತು. ಒಂದೇ ಸಲ ತಿಂದರೆ ತಾನೆ ತೊಂದರೆ? ಅರ್ಧ ಚಮಚ, ಕಾಲು ಗಂಟೆ ಬಿಟ್ಟು ಇನ್ನರ್ಧ ಚಮಚ.

ಎರಡನೆಯ ವರ್ಷ ಅದು ಮರಳಿ ಬಂದದ್ದು ಇದೇ ವೇಷದಲ್ಲಿ. ತೂಕದ ಇಳಿಕೆ ನಿಂತಿತ್ತು, ಹಸಿವು ತುಸು ತಲೆಯೆತ್ತಿತ್ತು. ಹೊಟ್ಟೆ ಬಿರಿಯುವಂತೆ ತಿನ್ನುವುದು ಈಗ ಸಾಧ್ಯವೇ ಇಲ್ಲ. ಹಾಗಾಗಿ ‘ನಾನೀಗ ಅತಿಯಾಗಿ ತಿನ್ನುವುದಿಲ್ಲ’ ಎಂದು ನಂಬಲು ಅಡ್ಡಿಯಿರಲಿಲ್ಲ. ಆದರೆ ದಿನವಿಡೀ ಬಾಯಾಡಿಸುವುದಕ್ಕೆ ದೊಡ್ಡ ಹೊಟ್ಟೆ ಬೇಕಾಗಿಲ್ಲ. ಬೇಯಿಸಿದ ಮೊಟ್ಟೆಯ ಮೂರು ತುತ್ತಿಗೆ ಎದೆ ಕಟ್ಟಿದಂತಾಗುತ್ತದೆ, ಚಿಪ್ಸ್, ಬಿಸ್ಕತ್ತು, ಚಾಕೊಲೇಟ್‌ಗಳು ಮಾತ್ರ ಕರಗಿ ಜಾರಿಹೋಗುತ್ತವೆ. ಜೊತೆಗೆ ಏನಾದರೂ ಕುಡಿದರಂತೂ ಇನ್ನೂ ಬೇಗ. ಒಳ್ಳೆಯ ಆಹಾರಕ್ಕೆ ತಡೆ, ಕೆಟ್ಟದ್ದಕ್ಕೆ ಹೆದ್ದಾರಿ. ಇದನ್ನು ಶಸ್ತ್ರವೈದ್ಯರು ಮೊದಲೇ ಬಿಡಿಸಿ ಹೇಳಬೇಕಿತ್ತು ಎಂಬ ತಕರಾರು ನನಗೆ ಈಗಲೂ ಇದೆ.

ಚಟ ಬೇರೆ ಮನೆ ಹುಡುಕುವುದೂ ಇದೇ ಕಾಲದಲ್ಲಿ. ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಗೆ ಹಿಂದಿನ ವರ್ಷ ಶೇ 7.6ರಷ್ಟು ಜನರಲ್ಲಿದ್ದ ಮದ್ಯದ ತೊಂದರೆ ಎರಡನೆಯ ವರ್ಷಕ್ಕೆ ಶೇ 9.6ಕ್ಕೆ ಏರಿತ್ತು, ಬೈಪಾಸ್ ಆದವರಲ್ಲಿ ಅಪಾಯ ಹೆಚ್ಚು. ಮದ್ಯವೂ ನೇರವಾಗಿ ಕರುಳಿಗಿಳಿದು ಬೇಗ ರಕ್ತಕ್ಕೆ ಸೇರುವುದರಿಂದ ಅಮಲು ಬೇಗ, ಜೋರಾಗಿ ಏರುತ್ತದೆ. ನನಗೆ ಕುಡಿತದ ಗೋಜು ಇರಲಿಲ್ಲ. ನನ್ನ ಚಟ ಮೊಬೈಲಿನಲ್ಲಿ ಬಟ್ಟೆ ಕೊಳ್ಳುವುದಕ್ಕೆ ಹೋಯಿತು. ತೂಕ ಇಳಿದವಳಿಗೆ ಬಟ್ಟೆ ಬೇಕೇ ಬೇಕು ಎಂಬ ಸಮರ್ಥನೆ ಸಿದ್ಧವಿತ್ತು. ಬಿಚ್ಚದ ಪೊಟ್ಟಣಗಳನ್ನು ಮಂಚದ ಕೆಳಗೆ ತಳ್ಳುತ್ತಿದ್ದಾಗ, ಈ ಕೈ ಈ ಕೆಲಸವನ್ನು ಮೊದಲೂ ಮಾಡಿದೆ ಎಂದು ಹೊಳೆಯಿತು. ಮರುದಿನವೇ ಮನಶ್ಶಾಸ್ತ್ರಜ್ಞರಿಗೆ ಫೋನ್ ಮಾಡಿದೆ.

ಈಗ ನಾನು ನಡೆಸುತ್ತಿರುವ ಕ್ರಮದಲ್ಲಿ ವಿಶೇಷವೇನೂ ಇಲ್ಲ. ಊಟಕ್ಕೆ ಗೊತ್ತಾದ ಹೊತ್ತು ಇದೆ, ಹಸಿವಿಲ್ಲದಿದ್ದರೂ ಆ ಹೊತ್ತಿಗೆ ತಿನ್ನುತ್ತೇನೆ. ಊಟ ತಪ್ಪಿಸಿದ ದಿನವೇ ಸಂಜೆ ಕೈ ಅಲೆದಾಡುವುದು. ತಟ್ಟೆಗೆ ಹಾಕಿಕೊಂಡು, ಕುಳಿತು, ಮೊದಲು ಪ್ರೋಟೀನ್. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಆಗಬೇಕೆಂದು ಆಹಾರ ತಜ್ಞರು ಹೇಳಿದ್ದಾರೆ. ಅದನ್ನು ಮುಗಿಸುವುದರಲ್ಲೇ ಹೊಟ್ಟೆ ತುಂಬುತ್ತದೆ. ನೀರು ಊಟದ ಜೊತೆಯಲ್ಲಿ ಇಲ್ಲ, ಅರ್ಧ ಗಂಟೆಯ ನಂತರ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ, ರಕ್ತಪರೀಕ್ಷೆಯೂ ಹಾಗೆಯೇ.

ಚಿಪ್ಸ್ ಮತ್ತು ಐಸ್‌ಕ್ರೀಮ್ ಮನೆಯೊಳಗೆ ಬರುವುದಿಲ್ಲ. ಇದರ ಬಗ್ಗೆ ನನ್ನ ಮನಶ್ಶಾಸ್ತ್ರಜ್ಞರಿಗೂ ನನಗೂ ಭಿನ್ನಾಭಿಪ್ರಾಯವಿದೆ. ನಿಷೇಧಿಸಿದಷ್ಟೂ ಅದರ ಸೆಳೆತ ಹೆಚ್ಚುತ್ತದೆ, ಎಲ್ಲವನ್ನೂ ಅಳತೆಯಲ್ಲಿ ತಿನ್ನಲು ಕಲಿಯಬೇಕು ಎಂಬುದು ಅವರ ಪಕ್ಷ. ಬೇರೆಯವರಿಗೆ ಅದು ನಿಜವಿರಬಹುದು. ಆ ಎರಡು ವಸ್ತುಗಳ ವಿಷಯದಲ್ಲಿ ನನ್ನ ‘ಅಳತೆ’ ಏನೆಂಬುದನ್ನು ನಾನು ಬಲ್ಲೆ. ಉಳಿದ ಸಿಹಿಯನ್ನು ಬೇರೆಯವರ ಜೊತೆ, ಎಲ್ಲರ ಎದುರಿಗೆ ತಿನ್ನುತ್ತೇನೆ, ಒಬ್ಬಳೇ ಇರುವಾಗ ಇಲ್ಲ. ಕಚೇರಿಯಿಂದ ಬಂದ ಮೇಲೆ ಅರ್ಧ ಗಂಟೆ ಏನೂ ಮಾಡದೆ ಕುಳಿತುಕೊಳ್ಳುತ್ತೇನೆ. ಮೊದಮೊದಲು ಗಂಡ ಬಂದು ‘ಹುಷಾರಿಲ್ಲವೇ?’ ಎನ್ನುತ್ತಿದ್ದರು. ಈಗ ತಾವೂ ಬಂದು ಕುಳಿತುಕೊಳ್ಳುತ್ತಾರೆ, ಮಾತನಾಡಬಾರದೆಂಬ ಷರತ್ತಿನ ಮೇಲೆ.

ಇಳಿದ ತೂಕದಲ್ಲಿ ಸ್ವಲ್ಪ ಮರಳಿದೆ. ಹಾಗೆ ತುಸು ಏರುವುದು ಅನೇಕರಲ್ಲಿ ಕಂಡುಬರುತ್ತದೆ ಎಂದು ವೈದ್ಯರು ಹೇಳಿ, ಬೇಕಿದ್ದರೆ ಸೆಮಾಗ್ಲುಟೈಡ್ ಚುಚ್ಚುಮದ್ದು ಯೋಚಿಸಬಹುದು ಎಂದಿದ್ದಾರೆ. ಕರುಳಿನ ಜಿಎಲ್‌ಪಿ–1 ಮಾಡುವ ಕೆಲಸವನ್ನೇ ಮಾಡುವ ಔಷಧ ಅದು; ತೂಕ ಇಳಿಸಲೆಂದು ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಪಡೆಯಿತು. ನಾನಿನ್ನೂ ಹೂಂ ಎಂದಿಲ್ಲ, ಬೇಡವೆಂದೂ ಹೇಳಿಲ್ಲ.

ಶಸ್ತ್ರಚಿಕಿತ್ಸೆಗೆ ಹೊರಟವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಎಷ್ಟು ಕಿಲೋ ಇಳಿಯಿತು, ನೋವಾಯಿತೇ ಎಂದು. ಅದಕ್ಕೆ ಉತ್ತರ ಕೊಟ್ಟ ಮೇಲೆ ನಾನು ಅವರಿಗೊಂದು ಕೆಲಸ ಹಚ್ಚುತ್ತೇನೆ: ನಿಮ್ಮ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞರು ಶಸ್ತ್ರಚಿಕಿತ್ಸೆಗೆ ಮೊದಲು ಒಂದು ಸಹಿ ಹಾಕುವುದಕ್ಕಷ್ಟೇ ಇದ್ದಾರೆಯೇ, ಎರಡನೆಯ ವರ್ಷವೂ ಸಿಗುತ್ತಾರೆಯೇ, ಕೇಳಿಕೊಂಡು ಬನ್ನಿ. ಸಿಗುವುದಿಲ್ಲವೆಂದರೆ ಹೊರಗೆ ಒಬ್ಬರನ್ನು ಈಗಲೇ ಹುಡುಕಿಟ್ಟುಕೊಂಡು, ಆಮೇಲೆ ದಿನಾಂಕ ನಿಗದಿ ಮಾಡಿಸಿ.