ಬೂಷ್ಟೆಂದು ತಿಳಿದದ್ದು ಬ್ಯಾಕ್ಟೀರಿಯಾ ಆಗಿತ್ತು

ಬೆಂಗಳೂರಿನ ನಮ್ಮ ಮನೆಯ 60 ಲೀಟರಿನ ಅಕ್ವೇರಿಯಂನಲ್ಲಿ 11 ಗಪ್ಪಿಗಳೂ 4 ಮೋಲಿಗಳೂ ಇದ್ದವು. ಒಂದು ಬೆಳಿಗ್ಗೆ ಎರಡು ಗಪ್ಪಿಗಳ ಬಾಯಿಯ ಸುತ್ತ ಬೆಳ್ಳಗಿನ ಲೇಪ ಕಾಣಿಸಿತು. ಒಂದು ಮೋಲಿಯ ಬೆನ್ನಿನ ಮೇಲೆ, ಕುದುರೆಗೆ ಜೀನು ಹಾಕಿದ ಹಾಗೆ, ಎರಡೂ ಪಕ್ಕಕ್ಕೆ ಇಳಿದ ಬೂದು ಮಚ್ಚೆಯಿತ್ತು. ಹತ್ತಿಯಂತೆ ಕಂಡದ್ದರಿಂದ ಅದು ಬೂಷ್ಟೇ ಇರಬೇಕೆಂದುಕೊಂಡು, ಅಂಗಡಿಯವರು ಕೊಟ್ಟ ನೀಲಿ ಔಷಧಿಯನ್ನು ಹಾಕಿದೆ. ಬಿಳಿಚುಕ್ಕೆ ರೋಗಕ್ಕೆ ಹಿಂದೊಮ್ಮೆ ಫಲ ಕೊಟ್ಟಿದ್ದ ಉಪಾಯವನ್ನು ನೆನೆದು ಹೀಟರನ್ನೂ 30 ಡಿಗ್ರಿಗೆ ಏರಿಸಿದೆ. ಮರುದಿನ ಸಂಜೆಯೊಳಗೆ ಐದು ಗಪ್ಪಿಗಳು ಸತ್ತಿದ್ದವು.

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ಸ್ನೇಹಿತರೊಬ್ಬರಿಗೆ ಫೋಟೊ ಕಳುಹಿಸಿದಾಗ ಅವರು ಮೊದಲು ಕೇಳಿದ್ದು ನೀರು ಎಷ್ಟು ಬಿಸಿಯಿದೆ ಎಂದು. ಇದು ಕಾಲಮ್ನಾರಿಸ್, ಅಂದರೆ ಫ್ಲೇವೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗ. ನೀರು ಬೆಚ್ಚಗಾದಷ್ಟೂ ಇದರ ವೇಗ ಹೆಚ್ಚುತ್ತದೆ. ನಿಜವಾದ ಬೂಷ್ಟಿನ ಎಳೆಗಳು ಉದ್ದವಾಗಿ ನೀರಿನಲ್ಲಿ ಅಲ್ಲಾಡುತ್ತವೆ ಮತ್ತು ಹೆಚ್ಚಾಗಿ ಮೊದಲೇ ಗಾಯವಾದ ಮೀನಿನ ಮೇಲೆ ನಿಧಾನವಾಗಿ ಬೆಳೆಯುತ್ತವೆ. ಕಾಲಮ್ನಾರಿಸ್ ಚರ್ಮಕ್ಕೆ ಅಂಟಿಕೊಂಡು, ಅಂಚಿನಲ್ಲಿ ಕೆಲವೊಮ್ಮೆ ಹಳದಿಯಾಗಿ, ಒಂದೆರಡು ದಿನಗಳಲ್ಲೇ ಹಲವು ಮೀನುಗಳಿಗೆ ಹಬ್ಬುತ್ತದೆ. ಕಿವಿರಿಗೆ ತಗುಲಿದರೆ ಹೊರಗೆ ಏನೂ ಕಾಣದೆಯೇ ಮೀನು ಸಾಯುವುದುಂಟು.

ಔಷಧಿಗೆ ಮುನ್ನ ನೀರನ್ನು ಪರೀಕ್ಷಿಸಲು ಅವರು ಹೇಳಿದರು. ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ವಿಷವಾದ ಅಮೋನಿಯಾ ಸೊನ್ನೆ ಇರಬೇಕಾದಲ್ಲಿ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಇತ್ತು. ತಪ್ಪು ನನ್ನದೇ: ನಾಲ್ಕು ದಿನಗಳ ಹಿಂದೆ ಫಿಲ್ಟರಿನ ಸ್ಪಂಜನ್ನು ಕಾವೇರಿ ನೀರಿನ ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದಿದ್ದೆ. ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಆ ಸ್ಪಂಜಿನಲ್ಲೇ ಇರುತ್ತವೆ. ಅವನ್ನು ನಲ್ಲಿ ನೀರಿನ ಕ್ಲೋರಿನ್ ಕೊಂದಿತ್ತು, ಅಮೋನಿಯಾದಿಂದ ಬಳಲಿದ ಮೀನುಗಳಿಗೆ ರೋಗ ಸುಲಭವಾಗಿ ತಗುಲಿತ್ತು.

ಅರ್ಧ ನೀರನ್ನು ಕ್ಲೋರಿನ್ ತೆಗೆದ ನೀರಿನಿಂದ ಬದಲಿಸಿ, ಉಷ್ಣತೆಯನ್ನು ನಿಧಾನವಾಗಿ 24 ಡಿಗ್ರಿಗೆ ಇಳಿಸಿದೆ. ಉಳಿದ ಹತ್ತೂ ಮೀನುಗಳನ್ನು 20 ಲೀಟರಿನ ಬೇರೆ ತೊಟ್ಟಿಗೆ ಹಾಕಿ, ಏರ್ ಪಂಪನ್ನು ಜೋರಾಗಿ ನಡೆಸಿ, ಲೀಟರಿಗೆ 3 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪನ್ನು ಒಂದೂವರೆ ದಿನದಲ್ಲಿ ಸ್ವಲ್ಪಸ್ವಲ್ಪವೇ ಕರಗಿಸಿದೆ. ಗಪ್ಪಿ, ಮೋಲಿಗಳು ಇಷ್ಟು ಉಪ್ಪನ್ನು ತಾಳುತ್ತವೆ. ಎಲ್ಲ ಮೀನುಗಳೂ ತಾಳಲಾರವು. ನಂತರ ಪಶುವೈದ್ಯರು ನಿಗದಿಪಡಿಸಿದ ಪ್ರಮಾಣದಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕನ್ನು ಆಹಾರಕ್ಕೆ ಜೆಲಟಿನ್‌ನೊಂದಿಗೆ ಲೇಪಿಸಿ 10 ದಿನ ಪೂರ್ತಿ ಕೊಟ್ಟೆ. ತೊಟ್ಟಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಈ ಔಷಧಿಯನ್ನು ಹಿಡಿದುಬಿಡುವುದರಿಂದ ಅದನ್ನು ನೀರಿಗೆ ಸುರಿದು ಹೆಚ್ಚು ಪ್ರಯೋಜನವಿರಲಿಲ್ಲ. ಆದರೆ ಈ ವಿಧಾನ ಇನ್ನೂ ಆಹಾರ ತಿನ್ನುತ್ತಿರುವ ಮೀನಿಗೆ ಮಾತ್ರ. ಆಹಾರ ಬಿಟ್ಟಿದ್ದ ಎರಡು ಗಪ್ಪಿಗಳು ಉಳಿಯಲಿಲ್ಲ. ಉಳಿದ ಎಂಟು ಬದುಕಿದವು. ಮೂರನೆಯ ದಿನವೇ ಮಚ್ಚೆ ಮಸುಕಾದಾಗ ಔಷಧಿ ನಿಲ್ಲಿಸುವ ಆಸೆಯಾಗಿತ್ತು; ಹಾಗೆ ಅರ್ಧಕ್ಕೆ ಬಿಟ್ಟರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಉಳಿಯಬಹುದು.

ಈಗ ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ತೊಳೆಯುತ್ತೇನೆ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸುತ್ತೇನೆ. ಹೊಸ ಮೀನುಗಳು ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿರುತ್ತವೆ, ಅವುಗಳ ಬಲೆಯೂ ಬೇರೆಯೇ. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕುವುದಿಲ್ಲ, ಏಕೆಂದರೆ ಮೈಕೊಬ್ಯಾಕ್ಟೀರಿಯಂ ಮೆರೈನಮ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮೀನಿನ ತೊಟ್ಟಿಯಿಂದ ಮನುಷ್ಯರ ಚರ್ಮಕ್ಕೂ ತಗುಲಬಲ್ಲದು. ಹೆಂಡತಿ ಕೊಡಿಸಿದ ಉದ್ದನೆಯ ಕೈಗವಸು ಇದಕ್ಕಾಗಿ ತೊಟ್ಟಿಯ ಪಕ್ಕದಲ್ಲೇ ತೂಗುತ್ತಿದೆ.