ಪೆಲೆಟ್ ಒಲೆಯ ಗಾಜು ಕಪ್ಪಾಗುವುದು ನಿಂತಿತು

ನಾವಿರುವುದು ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಕಡೆ, ಮನೆ ಬೆಚ್ಚಗಿಡಲು ಪೆಲೆಟ್, ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ತುಂಡುಗಳನ್ನು, ಉರಿಸುವ ಒಲೆ. ಈ ಚಳಿಗಾಲ ಗಾಜು ಸಂಜೆಯೊಳಗೆ ಕಪ್ಪಾಗುತ್ತಿತ್ತು, ಪೆಲೆಟ್ ಉರಿಯುವ ಬಟ್ಟಲಿನ ತಳದಲ್ಲಿ ಬೂದಿ ಕರಗಿ ಕಿಟ್ಟದಂತೆ ಗಟ್ಟಿಯಾಗಿ ಗಾಳಿ ಬರುವ ತೂತುಗಳನ್ನೇ ಮುಚ್ಚುತ್ತಿತ್ತು. ರಿಪೇರಿಯವರು ಚಿಮಣಿ, ಫ್ಯಾನ್, ಬಾಗಿಲ ಸೀಲ್ ನೋಡಿ ಎಲ್ಲಾ ಸರಿ ಇದೆ ಅಂದರು. ಉಳಿದದ್ದು ಪೆಲೆಟ್ ಒಂದೇ ಅಲ್ವಾ?

ಅಗ್ಗಕ್ಕೆ ಸಿಕ್ಕಿದ್ದ 15 ಕೆಜಿ ಚೀಲದ ಮೇಲೆ ಎನ್‌ಪ್ಲಸ್ ಎ1 ಅನ್ನುವ ಪೆಲೆಟ್ ಗುಣಮಟ್ಟದ ಗುರುತು ಇರಲಿಲ್ಲ. ಆ ದರ್ಜೆಯಲ್ಲಿ ಬೂದಿ 0.7%, ತೇವ 10% ಮೀರುವಂತಿಲ್ಲ. ಗುರುತಿನ ಜೊತೆ ತಯಾರಕರ ನಂಬರೂ ಇರಬೇಕು, ಸುಮ್ನೆ 'ಎ1 ಗುಣಮಟ್ಟ' ಅಂತ ಬರೆದಿದ್ದರೆ ನಾನಂತೂ ನಂಬಲ್ಲ.

ಗುರುತಿದ್ದ ಚೀಲವೊಂದನ್ನು ತಂದು, ಎರಡರಿಂದಲೂ ಒಂದೊಂದು ಹಿಡಿ ತೆಗೆದು ಬೇರೆ ಬೇರೆ ಲೋಟದ ನೀರಿಗೆ ಹಾಕಿದೆ. ಹೊಸದು ತಟ್ಟನೆ ಮುಳುಗಿತು, ಆಮೇಲೆ ಉಬ್ಬಿ ನುಣ್ಣನೆ ಮರದ ಹೊಟ್ಟಾಯಿತು. ಹಳೆಯದರಲ್ಲಿ ಕೆಲವು ತೇಲಿದವು. ಕಲಕಿ ಬಸಿದರೆ ತಳದಲ್ಲಿ ಮರಳು, ಕಪ್ಪು ತೊಗಟೆ ಚೂರು. ಮರಳು ಸೇರಿದರೆ ಬೂದಿ ಬೇಗ ಕರಗುತ್ತದೆ, ಆ ಕಿಟ್ಟ ಬಂದದ್ದು ಅಲ್ಲಿಂದಲೇ. ಜರಡಿ ಹಿಡಿದಾಗ ಪುಡಿಯೂ ಜಾಸ್ತಿ ಉದುರಿತು. ಬಣ್ಣ ಮಾತ್ರ ನೋಡಬೇಡಿ, ಅದು ಮರದ ಜಾತಿ ಮೇಲೆ ಹೋಗುತ್ತದೆ.

ಪೆಲೆಟ್ ಬದಲಿಸಿದ ಮೇಲೆ ಗಾಜಿನ ಮೇಲೆ ತೆಳ್ಳನೆ ಬೂದು ಪದರ ಅಷ್ಟೇ, ಒಣಬಟ್ಟೆಗೆ ಹೋಗುತ್ತದೆ. ಉಳಿದ ಹಳೇ ಚೀಲಗಳನ್ನು ಪಕ್ಕದ ಮನೆಯವರು ತಮ್ಮ ಬೆಕ್ಕಿನ ಕಕ್ಕಸು ತಟ್ಟೆಗೆ ಒಯ್ದರು.