ತಲೆ ಬಗ್ಗಿಸದೆ ಹೈ ಟ್ಯಾಕಲ್ ಫ್ರೀ ಕಿಕ್: ನನ್ನ ಅನುಭವ

ಈ ಸಲ ಸೀಸನ್ ಮುಗಿದ ಮೇಲೆ ನಮ್ಮ ಕೋಚೇ ಬಂದು, "ಹೊಸ ಹುಡುಗರಿಗೆ ಆ ಹೈ ಫ್ರೀ ಕಿಕ್ ಪಡೆಯೋದನ್ನ ಸ್ವಲ್ಪ ತೋರಿಸಿಕೊಡ್ತೀಯಾ?" ಅಂತ ಕೇಳಿದರು. ಎರಡು ವರ್ಷ ಪೂರ್ತಿ, ಇದೆಲ್ಲ ನಡೆಯಲ್ಲ, ಬಾಲ್ ಸಿಕ್ಕ ತಕ್ಷಣ ಒದ್ದುಬಿಡು ಅಂತ ಬೈತಿದ್ದ ಅದೇ ಮನುಷ್ಯ. ಅವರ ಬಾಯಿಂದಲೇ ಆ ಮಾತು ಬಂದಮೇಲೆ ಬರೆಯೋಕೆ ಅಡ್ಡಿ ಇಲ್ಲ ಅನ್ನಿಸ್ತು.

ನಾನು ಆಡೋದು ಫುಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್, ಮೆಲ್ಬರ್ನ್ ಪಶ್ಚಿಮದ ಒಂದು ಲೋಕಲ್ ಕ್ಲಬ್ಬಿನ ರಿಸರ್ವ್ಸ್ (ಎರಡನೇ) ತಂಡದಲ್ಲಿ. ಎತ್ತರ ಐದಡಿ ಐದಿಂಚು, ವಯಸ್ಸು ಮೂವತ್ತೈದು ದಾಟಿದೆ, ಓಟ ಸುಮಾರು, ಕಿಕ್ ಅಂತೂ ಕೇಳಲೇಬೇಡಿ. ಇದ್ದದ್ದು ಒಂದೇ ಬಂಡವಾಳ, ಮಂಡ್ಯದ ಕಡೆಯ ಕಬಡ್ಡಿ. ಹತ್ತು ಹನ್ನೆರಡು ವರ್ಷ ಮಣ್ಣಲ್ಲಿ ರೇಡ್ ಮಾಡಿದ ತೊಡೆ. ಆರಡಿ ಮೂರಿಂಚಿನವರು ಎದುರಿಂದ ಬಂದು ತಬ್ಬಿದರೆ ಅವರ ತೋಳು ತಾನಾಗೇ ನನ್ನ ಕುತ್ತಿಗೆ ಮಟ್ಟಕ್ಕೆ ಬರುತ್ತೆ. ಭುಜಕ್ಕಿಂತ ಮೇಲೆ ಹಿಡಿದರೆ ಅದು ಹೈ ಟ್ಯಾಕಲ್, ಹಿಡಿಸಿಕೊಂಡವನಿಗೆ ಫ್ರೀ ಕಿಕ್. ಹಾಗಿದ್ದೂ ಮೊದಲ ಸೀಸನ್ನುಗಳಲ್ಲಿ ನನಗೆ ಸಿಕ್ಕ ಹೈ ಫ್ರೀ ಕಿಕ್ ಕೈಬೆರಳಲ್ಲಿ ಎಣಿಸಬಹುದಿತ್ತು. ಹೋಲ್ಡಿಂಗ್ ದ ಬಾಲ್ (ಹಿಡಿದಾಗ ಬಾಲ್ ಬಿಡಲಿಲ್ಲ ಅನ್ನೋ ತಪ್ಪು) ಅಂತ ನನ್ನ ಮೇಲೇ ಸೀಟಿ ಊದಿದ್ದು ಅದರ ಮೂರು ಪಟ್ಟು.

ಮೊದಲು ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಜೀಲಾಂಗ್ ತಂಡದ ಆಗಿನ ನಾಯಕ ಜೋಯಲ್ ಸೆಲ್ವುಡ್ ವಿಡಿಯೊ ನೋಡಿದೆ. 2021ರ ಲಾಕ್‌ಡೌನಿನಲ್ಲಿ ಪಂದ್ಯಗಳೇ ನಿಂತು ಹೋಗಿದ್ದಾಗ ಬೇರೆ ಕೆಲಸವೂ ಇರಲಿಲ್ಲ. ಸೆಲ್ವುಡ್ ತೋಳು ಎತ್ತಿ ಭುಜ ಕುಣಿಸೋ ಆ ಒಂದು ಚಲನೆ ಇದೆಯಲ್ಲ, ಎದುರಾಳಿಯ ಕೈ ಎದೆಯಿಂದ ಜಾರಿ ಕುತ್ತಿಗೆಗೆ ಏರೋದು, ಅದನ್ನ ಹಿತ್ತಲಲ್ಲಿ ಹೆಂಡತಿಯ ತಮ್ಮನ್ನ ನಿಲ್ಲಿಸಿಕೊಂಡು ನೂರಾರು ಸಲ ಮಾಡಿದೆ. ಅವನು ಓದೋಕೆ ಅಂತ ಬಂದಿದ್ದ ಹುಡುಗ. "ಭಾವ, ಇದಕ್ಕೆ ಗಂಟೆಗೆ ಎಷ್ಟು ಕೊಡ್ತೀರ?" ಅಂತ ಕೇಳ್ತಿದ್ದ. 2022ರ ಏಪ್ರಿಲ್‌ನಿಂದ ಜೂನ್‌ವರೆಗೆ ಅದು ಕೆಲಸ ಮಾಡ್ತು ಕೂಡ. ಎರಡು ಪಂದ್ಯಕ್ಕೆ ಒಂದು ಅನ್ನೋ ಹಾಗೆ ಸಿಗ್ತಿತ್ತು.

ಆಮೇಲೆ ಜುಲೈ ಬಂತು. ಆ ವರ್ಷ ಆನ್ಜಾಕ್ ಡೇ ಪಂದ್ಯದಲ್ಲಿ ಐದು ಗೋಲ್ ಹೊಡೆದು ಪದಕ ಗೆದ್ದಿದ್ದ ಕಾಲಿಂಗ್‌ವುಡ್‌ನ ಜ್ಯಾಕ್ ಗಿನಿವನ್ ಹೆಸರು ದಿನಾ ಟಿವಿಯಲ್ಲಿ. ಹೈ ಫ್ರೀ ಹುಡುಕ್ಕೊಂಡು ಹೋಗ್ತಾನೆ ಅನ್ನೋ ಗಲಾಟೆ. ಭುಜ ಕುಣಿಸಿ, ಮಂಡಿ ಕುಸಿದು, ಅಥವಾ ತೋಳು ಎತ್ತಿ ಬಾಲ್ ಹಿಡಿದವನೇ ಹೈ ಮಾಡಿಕೊಂಡರೆ, ಟ್ಯಾಕಲ್ ಸರಿಯಾಗಿಯೇ ಇದ್ದರೆ, ಪ್ಲೇ ಆನ್ (ಫ್ರೀ ಕಿಕ್ ಇಲ್ಲ, ಆಟ ಮುಂದುವರಿಯಲಿ) ಅಂತ ಈ ಆಟದ ದೊಡ್ಡ ಲೀಗ್ ಎಎಫ್ಎಲ್ ಸ್ಪಷ್ಟ ಮಾಡಿತು. ದೊಡ್ಡವರ ಆಟದ ನಿಯಮ ನಮ್ಮ ಗ್ರೌಂಡಿಗೆ ಇಳಿಯೋಕೆ ಒಂದು ವರ್ಷ ಬೇಕು ಅಂದ್ಕೊಂಡಿದ್ದೆ. ಎರಡೇ ವಾರ ಸಾಕಾಯ್ತು. ಹದಿನೇಳು ವರ್ಷದ ಅಂಪೈರ್ ಹುಡುಗಿ ನನ್ನ ಭುಜ ಅಲ್ಲಾಡೋಕೆ ಮೊದಲೇ "ಪ್ಲೇ ಆನ್!" ಅಂತ ಕೂಗೋಳು. ನನ್ನ ತೋಳು ಮೇಲೆ, ಬಾಲ್ ಕೆಳಗೆ, ಎದುರಾಳಿಗಳು ಗೋಲ್ ಕಡೆ. ಹಿತ್ತಲಿನ ಆ ಸಾಧನೆಯೆಲ್ಲ ಮಣ್ಣುಪಾಲು. ಸೆಲ್ವುಡ್ ಆ ಸೆಪ್ಟೆಂಬರಿನಲ್ಲಿ ಗ್ರ್ಯಾಂಡ್ ಫೈನಲ್ ಗೆದ್ದು ನಿವೃತ್ತಿ ಆದರು. ನಾನು ಆಗೋ ಹಾಗಿರಲಿಲ್ಲ, ಮುಂದಿನ ವರ್ಷದ ಫೀಸ್ ಕಟ್ಟಿ ಆಗಿತ್ತು.

2023ರಲ್ಲಿ ಡುಬ್ಕಿ ಹಾಕಿ ನೋಡಿದೆ. ಕಬಡ್ಡಿಯವರಿಗೆ ಹೇಳಬೇಕಾಗಿಲ್ಲ, ಕೈ ಕೈ ಹಿಡಿದು ಚೈನ್ ಹಾಕಿಕೊಂಡು ಬಂದವರ ಕೈ ಕೆಳಗೆ ತೂರಿಕೊಂಡು ಹೋಗೋದು. ಪ್ರದೀಪ್ ನರ್ವಾಲ್ ಹಾಕಿದರೆ ಸ್ಟೇಡಿಯಂ ಎದ್ದು ನಿಲ್ತಿತ್ತು. ಫುಟಿಯಲ್ಲಿ ಹಾಕಿದರೆ ಎದ್ದು ನಿಲ್ಲೋದು ಸ್ಟ್ರೆಚರ್ ಹಿಡಿದವರು. ತಲೆ ಮುಂದೆ ಮಾಡಿ ಒಳಗೆ ತೂರಿದರೆ ಮೊದಲನೇದಾಗಿ ಅಂಪೈರ್ ಅದನ್ನ ಬಾಲ್ ಬಿಡೋಕೆ ನಿನಗೆ ಸಿಕ್ಕ ಅವಕಾಶ ಅಂತ ಲೆಕ್ಕ ಹಾಕ್ತಾರೆ, ಬಾಲ್ ಬಿಡದಿದ್ದರೆ ಫ್ರೀ ಕಿಕ್ ಆ ಕಡೆಗೆ. ಎರಡನೇದಾಗಿ ತಲೆ ಹೋಗೋದು ಅವನ ಸೊಂಟದ ಮೂಳೆಗೆ. ಒಂದು ಶನಿವಾರ ವೆರಿಬಿ ಕಡೆಯ ಗ್ರೌಂಡಿನಲ್ಲಿ ಅದೇ ಆಯ್ತು. ಸ್ಕೋರ್ ಎಷ್ಟು ಅಂತ ಕೇಳಿದರೆ ನಾನು ಕನ್ನಡದಲ್ಲಿ ಉತ್ತರ ಕೊಟ್ಟೆನಂತೆ. ಡಾಕ್ಟರು ವಾರಗಟ್ಟಲೆ ಕೂರಿಸಿದರು. ಈಗ ಇನ್ನೂ ಬಿಗಿ, 2024ರಿಂದ ಕಮ್ಯುನಿಟಿ ಫುಟಿಯಲ್ಲಿ ಕಂಕಷನ್ (ಪೆಟ್ಟಿನಿಂದ ಮಿದುಳಿಗೆ ಆಘಾತ) ಆದರೆ ಕನಿಷ್ಠ 21 ದಿನ ಪಂದ್ಯ ಇಲ್ಲ. ನಮ್ಮ ಬ್ಯಾಕ್‌ಲೈನಿನಲ್ಲಿ ಆಡೋ ಹಾಸನದ ಗೆಳೆಯ ಆಸ್ಪತ್ರೆಗೆ ಬಂದವನು "ಲೋ, ಇಪ್ಪತ್ತು ಮೀಟರ್ ಕಿಕ್ಕಿಗೆ ತಲೆ ಒಡೆಸ್ಕೊಳ್ತೀಯಲ್ಲೋ, ಹೋಗಿ ಕ್ರಿಕೆಟ್ ಆಡು" ಅಂದ.

ದುಡ್ಡಿನ ಮಾತನ್ನೂ ಹೇಳಿಬಿಡ್ತೀನಿ. ಕ್ಲಬ್ ಫೀಸ್ ವರ್ಷಕ್ಕೆ ಮುನ್ನೂರೈವತ್ತು ಡಾಲರ್ ಆಸುಪಾಸು, ಅದು ಹೇಗೂ ಇದ್ದದ್ದೇ. ಬಿಸಿನೀರಲ್ಲಿ ಅದ್ದಿ ಕಚ್ಚೋ ಮೌತ್‌ಗಾರ್ಡ್ ಮೂವತ್ತಕ್ಕೆ ಬರುತ್ತೆ. ನಾನು ಈ ಆಟ ಶುರು ಮಾಡಿದ ಮೇಲೆ ಹಲ್ಲಿನ ಡಾಕ್ಟರ ಹತ್ತಿರ ಅಳತೆ ಕೊಟ್ಟು ಮಾಡಿಸಿದೆ, ಇನ್ನೂರು ಚಿಲ್ಲರೆ. ಕುತ್ತಿಗೆಗೆ ಫಿಸಿಯೊ, ಒಂದು ಸಲಕ್ಕೆ ತೊಂಬತ್ತೈದು, ಎಷ್ಟು ಸಲ ಹೋದೆ ಅಂತ ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳಲ್ಲ. ಒಂದು ಚಳಿಗಾಲ ಪೂರ್ತಿ ಜೂಡೋ ಕ್ಲಾಸ್, ತಿಂಗಳಿಗೆ ನೂರಿಪ್ಪತ್ತೋ ಏನೋ. ಪಂದ್ಯದ ವಿಡಿಯೊ ಹಿಡಿಯೋಕೆ ಪಕ್ಕದ ಮನೆ ಹುಡುಗನಿಗೆ ವಾರಕ್ಕೆ ಇಪ್ಪತ್ತು ಡಾಲರ್ ಮತ್ತು ಒಂದು ಸಾಸೇಜ್. ಎಲ್ಲ ಸೇರಿ ಎರಡೂವರೆ ಸಾವಿರ ದಾಟಿರುತ್ತೆ. ಅಪ್ಪನಿಗೆ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದ್ದಕ್ಕೆ, ಅಷ್ಟರಲ್ಲಿ ಒಳ್ಳೆ ಎಚ್‌ಎಫ್ ಹಸು ಬರ್ತಿತ್ತಲ್ಲಪ್ಪ ಅಂದರು. ಹೌದು, ಹಾಲಾದರೂ ಕೊಡ್ತಿತ್ತು.

ಇವೆಲ್ಲದರಲ್ಲಿ ದುಡ್ಡು ವಾಪಸ್ ತಂದುಕೊಟ್ಟದ್ದು ವಿಡಿಯೊ ಒಂದೇ. ಫ್ರೀ ಕಿಕ್ ಸಿಕ್ಕಿದ್ದು ಒಂದು ಕಡೆ, ಸಿಗದ್ದು ಒಂದು ಕಡೆ ಜೋಡಿಸಿ ನೋಡ್ತಾ ಕೂತೆ. ಕೈ ಎಲ್ಲಿ ತಾಗಿತು ಅನ್ನೋದರಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ, ಎರಡರಲ್ಲೂ ಕುತ್ತಿಗೆಗೇ ತಾಗಿದೆ. ವ್ಯತ್ಯಾಸ ಇದ್ದದ್ದು ತಾಗೋಕೆ ಮೊದಲಿನ ಎರಡು ಮೂರು ಹೆಜ್ಜೆಯಲ್ಲಿ. ಸಿಕ್ಕ ಕಡೆಗಳಲ್ಲೆಲ್ಲ ನಾನು ಮೊದಲಿಂದಲೇ ಕೆಳಗಿದ್ದೆ. ಸಿಗದ ಕಡೆ ತಾಗೋ ಕ್ಷಣದಲ್ಲಿ ಕೆಳಗಿಳಿದಿದ್ದೆ.

ಅಂಪೈರ್ ನೋಡೋದು ಇಷ್ಟನ್ನೇ: ಎತ್ತರ ಬದಲಾದದ್ದು ಯಾರದ್ದು? ಇಳೀತಾ ಇರೋನು ನಾನಾದರೆ ತಪ್ಪು ನನ್ನದು. ನಾನು ಒಂದೇ ಮಟ್ಟದಲ್ಲಿ ಬರ್ತಾ, ಅಥವಾ ಮೇಲಕ್ಕೆ ಏಳ್ತಾ ಇದ್ದು ಅವನು ನಿಂತ ಹಾಗೇ ಕೈ ಬೀಸಿದರೆ ತಪ್ಪು ಅವನದು. ಕಬಡ್ಡಿಯಲ್ಲಿ ನಾವು ನಡುಗೆರೆ ದಾಟಿ ಒಳಗೆ ಹೋಗುವಾಗ ಸೊಂಟ ಇಳಿಸಿ, ಬೆನ್ನು ನೇರ ಇಟ್ಟು, ಕಣ್ಣು ಮೇಲೆ ಇಟ್ಟುಕೊಂಡು ಹೋಗ್ತೀವಲ್ಲ, ಅಷ್ಟೇ ಸಾಕು. ಡುಬ್ಕಿ ಬೇಡ, ರೇಡರ್ ನಿಲುವು ಬೇಕು. ಈ ಮಾತು ಅರ್ಥ ಆಗೋಕೆ ನನಗೆ ಎರಡೂವರೆ ಸಾವಿರ ಡಾಲರ್ ಬೇಕಾಯ್ತು.

ಈಗ ನಾನು ಮಾಡೋದು ಹೀಗೆ. ಸ್ಟಾಪೇಜಿನಲ್ಲಿ (ಆಟ ನಿಂತು ಅಂಪೈರ್ ಮತ್ತೆ ಶುರು ಮಾಡಿಸೋ ಕಡೆ) ಬಾಲ್ ನೆಲಕ್ಕೆ ಬಿದ್ದಾಗಲೇ ಹೋಗ್ತೀನಿ, ಎದೆ ಮಟ್ಟದಲ್ಲಿ ಬಂದ ಬಾಲಿಗೆ ಈ ಆಟ ಇಲ್ಲ. ಮೂರು ಹೆಜ್ಜೆ ಮೊದಲೇ ಸೊಂಟ ಇಳಿದಿರುತ್ತೆ. ಬಾಲ್ ಎತ್ತಿಕೊಂಡ ಮೇಲೆ ಅವನ ಎದುರಿಗೆ ನೇರ ಹೋಗಲ್ಲ, ಅವನ ಹೊರಗಿನ ತೋಳಿನ ಕಡೆ ಓರೆಯಾಗಿ ಹೋಗ್ತೀನಿ. ಎದುರಿಗೆ ಹೋದರೆ ಅವನು ಎರಡೂ ಕೈ ಹಾಕಿ ಸೊಂಟ ಹಿಡೀತಾನೆ. ಓರೆಯಾಗಿ ಹೋದರೆ ಅವನಿಗೆ ಸಿಗೋದು ಒಂದೇ ಕೈ, ಆ ಒಂದು ಕೈ ಚಾಚಿದಾಗ ಅದು ಹತ್ತಿರದ ಭುಜದ ಮೇಲಕ್ಕೇ ಬೀಳೋದು. ಆಗ ಅರ್ಧ ಹೆಜ್ಜೆ ನಿಧಾನ ಮಾಡ್ತೀನಿ. ಓಡ್ತಿದ್ದವನ ಕೈ ಮುಂದಕ್ಕೆ ಹೋಗುತ್ತೆ, ನಾನು ಹಿಂದೆ ಉಳೀತೀನಿ, ತೋಳು ಕುತ್ತಿಗೆಗೆ ಅಡ್ಡ ಬರುತ್ತೆ. ಅಲ್ಲಿಂದ ತೊಡೆಯ ಬಲದಲ್ಲಿ ಮೇಲಕ್ಕೆ, ಮುಂದಕ್ಕೆ. ಭುಜ ಕುಣಿಸಬಾರದು. ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರಬೇಕು, ಎತ್ತಿದಿರೋ ಮುಗೀತು.

ಇನ್ನೊಂದು, ಇದೇ ಕೋಚನ್ನ ಒಪ್ಪಿಸಿದ್ದು. ಸೀಟಿಗೆ ಕಾಯಬಾರದು. ಕೈ ಅಂಟಿಕೊಂಡಿರೋದರಿಂದ ಬಾಲ್ ಹೊಟ್ಟೆ ಹತ್ತಿರ ಇರುತ್ತೆ, ಹ್ಯಾಂಡ್‌ಬಾಲ್‌ಗೆ ತಯಾರಾಗಿ, ಅಂದರೆ ಮುಷ್ಟಿಯಿಂದ ಗುದ್ದಿ ಪಾಸ್ ಕೊಡೋಕೆ. ಸೀಟಿ ಬಂದರೆ ಫ್ರೀ ಕಿಕ್, ಬರದಿದ್ದರೆ ಹೊರಗೆ ನಿಂತ ನಮ್ಮವನಿಗೆ ಹ್ಯಾಂಡ್‌ಬಾಲ್. ಸೀಟಿ ಬರಲಿ ಬರದಿರಲಿ ಬಾಲ್ ನಮ್ಮದೇ. ಇಷ್ಟು ನೋಡಿದ ಮೇಲೆ ಕೋಚ್ ಬೈಯೋದು ನಿಲ್ಲಿಸಿದರು.

ಅಂಪೈರ್ ಎಲ್ಲಿ ನಿಂತಿದ್ದಾರೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಅವರ ಕಡೆಯ ಭುಜದ ಮೇಲೆ ಕೈ ಬಿದ್ದರೆ ಕಾಣುತ್ತೆ, ಆಚೆ ಭುಜದ ಮೇಲೆ ಬಿದ್ದರೆ ನನ್ನ ಮೈಯೇ ಮರೆ. ಹಾಗಾಗಿ ಎಷ್ಟೋ ಸಲ ಬಾಲ್ ಎತ್ತೋಕೆ ಮೊದಲೇ ಯಾವ ಕಡೆ ತಿರುಗಬೇಕು ಅಂತ ತೀರ್ಮಾನ ಮಾಡಿರ್ತೀನಿ. ಅಯ್ಯೋ ಅಂತ ತಲೆ ಹಿಂದಕ್ಕೆ ಎಸೆಯೋದು, ಎರಡೂ ಕೈ ಚಾಚಿ ಬೇಡೋದು, ಇದನ್ನೆಲ್ಲ ಬಿಡಿ. ನಾಟಕ ಮಾಡ್ತಾನೆ ಅಂತ ಒಂದು ಸಲ ಅನ್ನಿಸಿದರೆ ಆ ಸೀಸನ್ ಪೂರ್ತಿ ನಿಜವಾದದ್ದೂ ಸಿಗಲ್ಲ. ಲೋಕಲ್ ಅಂಪೈರುಗಳು ತಮ್ಮತಮ್ಮಲ್ಲಿ ಮಾತಾಡ್ತಾರೆ.

ಹೆಬ್ಬೆರಳನ್ನ ಎಲ್ಲಿಡಬೇಕು ಅನ್ನೋದು ಒಂದಿದೆ, ನಿಧಾನ ಮಾಡೋ ಆ ಅರ್ಧ ಹೆಜ್ಜೆ ಯಾವ ಕಾಲಲ್ಲಿ ಇರಬೇಕು ಅನ್ನೋದು ಇನ್ನೊಂದು. ಇವೆರಡನ್ನ ಬರೆಯಲ್ಲ. ಮುಂದಿನ ಸೀಸನ್ನಿನಲ್ಲಿ ನಿಮ್ಮಲ್ಲಿ ಕೆಲವರು ಎದುರು ತಂಡದಲ್ಲಿ ಇರ್ತೀರ.

ನಡುವೆ ಮಾಡಿದ ಅಡ್ಡ ಪ್ರಯೋಗಗಳ ಪಟ್ಟಿ ದೊಡ್ಡದು. ಜಂಪರನ್ನ, ಅಂದರೆ ಆಟದ ಅಂಗಿಯನ್ನ, ಟೈಲರ್ ಹತ್ತಿರ ಬಿಗಿ ಮಾಡಿಸಿದೆ, ಸೊಂಟದಲ್ಲಿ ಬಟ್ಟೆ ಸಿಗದಿದ್ದರೆ ಕೈ ಮೇಲಕ್ಕೆ ಜಾರುತ್ತೆ ಅನ್ನೋ ಲೆಕ್ಕ. ಮೂವತ್ತು ಡಾಲರ್ ಹೋಯ್ತು, ಮೂರನೇ ಕ್ವಾರ್ಟರಿನಲ್ಲಿ ಕಂಕುಳ ಹತ್ತಿರ ಹರಿದೂ ಹೋಯ್ತು. ಮಳೆ ದಿನ ಉದ್ದ ತೋಳಿನದು ಹಾಕಿದೆ, ಅದು ನಿಜಕ್ಕೂ ಕೆಲಸ ಮಾಡ್ತು, ಒದ್ದೆ ಬಟ್ಟೆ ಮೇಲೆ ಹಿಡಿತ ನಿಲ್ಲಲ್ಲ. ಆದರೆ ನನ್ನ ಕೈಗೂ ಬಾಲ್ ನಿಲ್ಲಲಿಲ್ಲ. ಮೆತ್ತನೆಯ ಹೆಡ್‌ಗೇರ್ ಹಾಕಿದರೆ ಅಂಪೈರಿಗೆ ತಲೆಯ ಮೇಲೆ ಗಮನ ಹೋಗಬಹುದು ಅಂದ್ಕೊಂಡೆ, ಏನೂ ವ್ಯತ್ಯಾಸ ಕಾಣಲಿಲ್ಲ. ಅದು ಕಂಕಷನ್ ತಡೆಯುತ್ತೆ ಅಂತ ಯಾರಾದರೂ ಮಾರೋಕೆ ಬಂದರೆ ನಂಬಬೇಡಿ.

ಕಬಡ್ಡಿಯ ಆ್ಯಂಕಲ್ ಹೋಲ್ಡ್ ಕಥೆ ಬೇರೆಯದೇ. ನಾನು ಹಿಡಿಯೋ ಸರದಿ ಬಂದಾಗ ಕೈ ತಾನಾಗೇ ಎದುರಾಳಿಯ ಕಾಲಿಗೆ ಹೋಗ್ತಿತ್ತು. ಇಲ್ಲಿ ಮಂಡಿಯ ಕೆಳಗೆ ಮುಟ್ಟಿದರೆ ಫ್ರೀ ಕಿಕ್ ಅವರಿಗೆ. ಬಾಲಿಗೆ ಅಂತ ಜಾರಿ ಕಾಲಿಗೆ ತಾಗಿದರೂ ಅಷ್ಟೇ, 2012ರಲ್ಲಿ ಸಿಡ್ನಿ ತಂಡದ ಆಟಗಾರ ಗ್ಯಾರಿ ರೋಹನ್ನನ ಕಾಲು ಮುರಿದುಹೋದ ಮೇಲೆ ಅದು ಬಿಗಿ ಆಗಿದೆ. ಹಾಗಾಗಿ ಕೆಳಗೆ ಹೋಗೋದು ಅಂದರೆ ಕಾಲ ಮೇಲೇ ನಿಂತು ಕೆಳಗೆ ಹೋಗೋದು, ಬೀಳೋದಲ್ಲ. ಆ್ಯಂಕಲ್ ಬಿಟ್ಟು ತೊಡೆ ಹಿಡಿಯೋದಕ್ಕೆ ಬದಲಾಯಿಸಿದೆ. ಈಗ ರಿಸರ್ವ್ಸ್‌ನಲ್ಲಿ ಟ್ಯಾಕಲ್ ಲೆಕ್ಕದಲ್ಲೂ ಮೊದಲ ಮೂವರಲ್ಲಿ ನಾನೊಬ್ಬ. ಇದನ್ನ ಬೇಕಂತಲೇ ಹೇಳ್ತಿದ್ದೀನಿ.

ಹೋದ ಸೀಸನ್ನಿನಲ್ಲಿ ಪಂದ್ಯಕ್ಕೆ ಎರಡು ಮೂರು ಹೈ ಫ್ರೀ ಬಂದವು, ಒಂದು ದಿನ ಐದೋ ಆರೋ. ಹೋಲ್ಡಿಂಗ್ ದ ಬಾಲ್ ಅರ್ಧಕ್ಕಿಂತ ಕಡಿಮೆಯಾಯ್ತು. ತಲೆಗೆ ಪೆಟ್ಟು ಇಲ್ಲ. ಎದುರು ತಂಡದವರು ಮೋಸ ಅಂತಾರೆ, ನಮ್ಮ ತಂಡದಲ್ಲೂ ಒಬ್ಬಿಬ್ಬರು ಮುಖ ಸಿಂಡರಿಸ್ತಾರೆ. ಅವರಿಗೆ ನಾನು ಎಎಫ್ಎಲ್ಲಿನ 2017ರ ಎಲಿಮಿನೇಷನ್ ಫೈನಲ್ (ಸೋತವರು ಹೊರಗೆ ಹೋಗೋ ಪಂದ್ಯ) ನೆನಪಿಸ್ತೀನಿ. ಅಡಿಲೇಡ್ ಓವಲ್, ಎಕ್ಸ್‌ಟ್ರಾ ಟೈಮ್, ಕೊನೆಯ ಸೆಕೆಂಡುಗಳಲ್ಲಿ ವೆಸ್ಟ್ ಕೋಸ್ಟಿನ ಲೂಕ್ ಶೂಯಿಗೆ ಹೈ ಟ್ಯಾಕಲ್ ಫ್ರೀ, ಸೈರನ್ ಆದ ಮೇಲೆ ಕಿಕ್, ಗೋಲ್, ಪೋರ್ಟ್ ಅಡಿಲೇಡ್ ಎರಡು ಪಾಯಿಂಟಿನಿಂದ ಮನೆಗೆ. ಪೋರ್ಟ್ ಅಭಿಮಾನಿಗಳ ಮುಂದೆ ಮಾತ್ರ ಇದನ್ನ ಎತ್ತಬೇಡಿ. ನನ್ನ ಮಟ್ಟಿಗೆ ಹೇಳೋದಾದರೆ, ಕೆಳಗಿರೋ ಮನುಷ್ಯನ್ನ ಹಿಡಿಯೋಕೆ ಅವನೂ ಬಗ್ಗಬೇಕು. ಬಗ್ಗೋಕೆ ಸೋಮಾರಿತನ ಮಾಡಿದರೆ ಅದು ನನ್ನ ತಪ್ಪಲ್ಲ.

ಒಂದೇ ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಫ್ರೀ ಕಿಕ್ ಪಡೆಯೋದು ಕಲಿತೆ, ಅದನ್ನ ಗೋಲ್ ಮಾಡೋದು ಕಲೀಲಿಲ್ಲ. ಮೂವತ್ತು ಮೀಟರಿನಿಂದ ನೇರ ಎದುರಿಗೆ ಸಿಕ್ಕಿದ್ದರಲ್ಲಿ ಅರ್ಧಕ್ಕರ್ಧ ಬಿಹೈಂಡ್, ಅಂದರೆ ಗೋಲಿನ ಪಕ್ಕಕ್ಕೆ ಹೋಗಿ ಆರು ಪಾಯಿಂಟಿನ ಬದಲು ಒಂದು. ಪಶ್ಚಿಮದ ಗಾಳಿ ಅಂತ ನೆಪ ಹೇಳಬಹುದು, ಆದರೆ ಅದೇ ಗಾಳಿಯಲ್ಲಿ ಹದಿನೆಂಟರ ಹುಡುಗರು ಹೊಡೀತಾರೆ. ನೇರ ಒದೆಯೋ ಡ್ರಾಪ್ ಪಂಟ್ ಬಿಟ್ಟು ಓರೆಯಾಗಿ ನಿಂತು ತಿರುಗಿಸಿ ಒದೆಯೋ ಸ್ನ್ಯಾಪ್ ಹೊಡೆಯೋದನ್ನ ಈ ಬೇಸಿಗೆಯಲ್ಲಿ ಶುರು ಮಾಡಿದ್ದೀನಿ. ಶೆರಿನ್ ಕಂಪನಿಯ ಬಾಲ್ ಒಂದು ಹೊಸದು ತಗೊಂಡೆ, ಅದರ ಬೆಲೆ ಇನ್ನೂ ಮನೆಯಲ್ಲಿ ಹೇಳಿಲ್ಲ. ಬಾಲ್ ಹೆಕ್ಕಿ ಕೊಡೋಕೆ ಹೆಂಡತಿಯ ತಮ್ಮನೇ ಮತ್ತೆ ಬರ್ತಾನೆ, ಈಗ ಗಂಟೆಗೆ ಹದಿನೈದು ಡಾಲರ್ ಕೇಳ್ತಿದ್ದಾನೆ.